ಹೆಪ್ಪು ಕರಗಿಸುವ ಮಾತ್ರೆ ಹೊಟ್ಟೆ ದಾಟುವುದೇ?



2025ರ ಜೂನ್ ತಿಂಗಳಲ್ಲಿ ನಮ್ಮ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಎಲ್ಲೆಲ್ಲೂ ಸುದ್ದಿಯಾದುದು ನಿಮಗೆ ತಿಳಿದೇ ಇದೆ. ಇಂಥ ಹೆದರಿಕೆಯಿದ್ದ ಕಡೆ ‘ರಕ್ತದ ಹೆಪ್ಪು ಕರಗಿಸುವ ಆಹಾರದ ಮಾತ್ರೆ’ಗಳಿಗೂ ಗಿರಾಕಿ ಸಿಗುತ್ತಾರೆ. ಕೊಳ್ಳುವ ಮೊದಲು ವಿಷಯವನ್ನು ತಿಳಿದಿರುವುದು ಒಳ್ಳೆಯದು.

ಜಪಾನಿನವರು ಸೋಯಾ ಅವರೆಯನ್ನು ಬೇಯಿಸಿ, ಹುದುಗು ಬರಿಸಿ, ‘ನ್ಯಾಟೊ’ ಎಂಬ ಲೋಳೆಯಾದ ಪದಾರ್ಥ ಮಾಡಿ ತಿನ್ನುತ್ತಾರೆ. ನಮ್ಮ ನಾಲಗೆಗೆ ಅದು ಹಿಡಿಸುವುದು ಕಷ್ಟವೇ! ಅದರಲ್ಲಿ ಹೆಪ್ಪನ್ನು ಕರಗಿಸುವ ಕಿಣ್ವವೊಂದು ಇದೆಯೆಂದು ಹಿರೋಯುಕಿ ಸುಮಿ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1987ರಲ್ಲಿ ಪ್ರಕಟಿಸಿದರು. ಪ್ರಯೋಗಶಾಲೆಯ ತಟ್ಟೆಯಲ್ಲಿ ಅದು ಹೆಪ್ಪನ್ನು ಕರಗಿಸುವುದು ನಿಜ. ತೊಡಕಿರುವುದು ನಮ್ಮ ಹೊಟ್ಟೆಯಲ್ಲಿ.

ಕಿಣ್ವವೆಂದರೆ ಒಂದು ಬಗೆಯ ಪ್ರೋಟೀನು. ಬೇಳೆಯ, ಮೊಟ್ಟೆಯ ಪ್ರೋಟೀನನ್ನು ಅರಗಿಸುವ ಜಠರ ಇದೊಂದನ್ನು ಬಿಟ್ಟೀತೇ? ಜಠರದ ಆಮ್ಲಕ್ಕೆ ಸಿಕ್ಕರೆ ಇದು ಕೆಟ್ಟುಹೋಗುತ್ತದೆ. ಹಾಲು ಕರೆಯುವ ಹಸುವಿಗೆ ಹಾಕುವ ಬೈಪಾಸ್ ಪಶು ಆಹಾರವನ್ನು ನೆನೆಯಿರಿ. ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಿಗೆ ಸಿಕ್ಕದೆ ಪ್ರೋಟೀನು ಮುಂದಕ್ಕೆ ಸಾಗುವಂತೆ ಅದನ್ನು ಸಂಸ್ಕರಿಸಿರುತ್ತಾರೆ. ಮಾತ್ರೆಗೂ ಅಂಥದೇ ಉಪಾಯ: ಆಮ್ಲದಲ್ಲಿ ಕರಗದೆ, ಆಮ್ಲ ತಗ್ಗಿದ ಸಣ್ಣ ಕರುಳಿನಲ್ಲಿ ಮಾತ್ರ ಕರಗುವ ಒಂದು ಲೇಪ. ಆದುದರಿಂದಲೇ ಇಂಥ ಲೇಪವುಳ್ಳ ಯಾವ ಮಾತ್ರೆಯನ್ನೂ ಅಗಿಯಕೂಡದು, ಪುಡಿ ಮಾಡಕೂಡದು.

ಲೇಪವು ಒಂದು ಬಾಗಿಲನ್ನು ದಾಟಿಸಿತು, ಅಷ್ಟೆ. ಕರುಳಿನಲ್ಲಿಯೂ ಪ್ರೋಟೀನನ್ನು ಒಡೆಯುವ ರಸಗಳಿವೆ. ಅವುಗಳಿಂದ ಉಳಿದದ್ದು ಕರುಳಿನ ಗೋಡೆಯನ್ನು ಹಾಯ್ದು ರಕ್ತವನ್ನು ಸೇರಬೇಕು. ಅಷ್ಟು ದೊಡ್ಡ ಅಣು ಇಡಿಯಾಗಿ ಹಾಯುವುದು ಅತ್ಯಲ್ಪ. ಅಮೆರಿಕದಲ್ಲಿ 265 ಜನರನ್ನು ಸುಮಾರು ಮೂರು ವರ್ಷ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಕುತ್ತಿಗೆಯ ರಕ್ತನಾಳದ ಗೋಡೆ ದಪ್ಪವಾಗುವುದು, ಹುಸಿಮಾತ್ರೆ ತಿಂದವರಿಗಿಂತ ಈ ಕಿಣ್ವ ತಿಂದವರಲ್ಲಿ ಕಡಿಮೆಯಾಗಿರಲಿಲ್ಲ.

ಹಾಗೆಂದು ಇದು ನಿರಪಾಯವೆಂದೂ ತಿಳಿಯಬೇಡಿ. ರಕ್ತ ತೆಳುವಾಗಿಸುವ ಔಷಧಿ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಇದನ್ನು ತಿಂದರೆ ರಕ್ತಸ್ರಾವದ ಭಯವುಂಟು.

ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ಔಷಧವನ್ನು ನೇರವಾಗಿ ರಕ್ತನಾಳಕ್ಕೇ ಚುಚ್ಚುವುದು ಹೊಟ್ಟೆಯ ಈ ತೊಡಕನ್ನು ತಪ್ಪಿಸಲೆಂದೇ. ಟೆನೆಕ್ಟೆಪ್ಲೇಸ್ ಎಂಬ ಆ ದುಬಾರಿ ಚುಚ್ಚುಮದ್ದನ್ನು ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯ ಮೂಲಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಒದಗಿಸಲಾಗುತ್ತಿದೆ. ಮೊದಲ ಕೆಲವು ಗಂಟೆಗಳೊಳಗೆ ಕೊಟ್ಟರೆ ಗುಣ ಹೆಚ್ಚು. ಆದ ಕಾರಣ ಎದೆ ಹಿಂಡಿದಂತಾಗಿ, ಮೈ ಬೆವರಿ, ನೋವು ತೋಳಿಗೋ ದವಡೆಗೋ ಹರಿದರೆ, ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಬೇಡಿ. ಗದ್ದೆಯ ಕೆಲಸ ಮುಗಿಯಲೆಂದು ಕಾಯದೆ, ಕೂಡಲೇ 108ಕ್ಕೆ ಕರೆ ಮಾಡಿರಿ.