ಶ್ರೀರಂಗಪಟ್ಟಣದ ದರಿಯಾ ದೌಲತ್

ಶ್ರೀರಂಗಪಟ್ಟಣದ ಕೋಟೆಯನ್ನು ದಾಟಿ ಪೂರ್ವಕ್ಕೆ ಹೊರಟವರಿಗೆ ಕಾವೇರೀ ತೀರದ ಉದ್ಯಾನದ ನಡುವೆ ದರಿಯಾ ದೌಲತ್ ಎಂಬ ಮಹಲು ಗೋಚರವಾಗುವುದು. ನಮ್ಮಲ್ಲಿ ಅನೇಕರು ಬಾಲ್ಯದಲ್ಲಿಯೇ ಇದನ್ನು ಕಂಡಿರಬಹುದು. ಆದರೆ ಇದು ಹೇಗೆ ಉಳಿದುಬಂದಿತೆಂಬುದನ್ನು ವಿಚಾರಿಸಿದವರು ವಿರಳ.

ಟೀಪೂ ಸುಲ್ತಾನನು 1784ರಲ್ಲಿ ಬೇಸಗೆಯ ವಾಸಕ್ಕಾಗಿ ಕಟ್ಟಿಸಿದ ಈ ಮಹಲಿನ ಹೆಸರಿಗೆ ಸಮುದ್ರದ ಸಂಪತ್ತೆಂದು ಅರ್ಥ. ಚಚ್ಚೌಕವಾದ ಕಟ್ಟಡವು ಎತ್ತರವಾದ ಜಗಲಿಯ ಮೇಲೆ ನಿಂತಿದೆ. ಸುತ್ತಲೂ ವಿಶಾಲವಾದ ಪಡಸಾಲೆ. ಅದರ ಅಂಚಿಗೆ ಮರದ ಕಂಬಗಳ ಸಾಲು. ತೇಗವೇ ಇದರ ಮುಖ್ಯ ಸಾಮಗ್ರಿ. ಮಹಡಿಯ ಮೆಟ್ಟಿಲುಗಳು ಗೋಡೆಗಳ ಮರೆಯಲ್ಲಿರುವುವು. ಪಡಸಾಲೆಯ ನೆರಳು ಬಿಸಿಲನ್ನು ತಡೆದು ಒಳಗಣ ಕೊಠಡಿಗಳನ್ನು ತಂಪಾಗಿಡುವುದು.

ಪಶ್ಚಿಮದ ಗೋಡೆಯ ಮೇಲಿರುವ ಯುದ್ಧಚಿತ್ರವೇ ಈ ಮಹಲಿನ ಹಿರಿಮೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಹೈದರಾಲಿಯೂ ಟೀಪುವೂ ಇಂಗ್ಲಿಷರ ಸೇನೆಯನ್ನು ಸಂಪೂರ್ಣವಾಗಿ ಸೋಲಿಸಿದರು. ಕೆಂಪು ಅಂಗಿಯ ಸಿಪಾಯಿಗಳು, ಸಿಡಿಯುತ್ತಿರುವ ಮದ್ದಿನ ಬಂಡಿ, ಗಾಯಗೊಂಡು ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೈಲಿ, ಇವೆಲ್ಲವೂ ಅಲ್ಲಿ ಚಿತ್ರಿತವಾಗಿವೆ. ಸೆರೆಸಿಕ್ಕ ಬೈಲಿಯು 1782ರಲ್ಲಿ ಶ್ರೀರಂಗಪಟ್ಟಣದಲ್ಲಿಯೇ ಮೃತನಾದನು.

ಮುಂದೆ ಈ ಚಿತ್ರವು ಸುಣ್ಣದ ಲೇಪನದಿಂದ ಮುಚ್ಚಿಹೋಯಿತು. 1799ರಲ್ಲಿ ಟೀಪುವು ಮಡಿದು ಪಟ್ಟಣವು ಇಂಗ್ಲಿಷರ ವಶವಾಯಿತು. ಗೆದ್ದವರು ತಮ್ಮ ಅವಮಾನದ ಈ ಚಿತ್ರವನ್ನು ಅಳಿಸಿಹಾಕಿದ್ದರೆ ಕೇಳುವವರಾರೂ ಇರಲಿಲ್ಲ. ಆದರೆ ನಡೆದುದು ಬೇರೆ. ಈ ಮಹಲಿನಲ್ಲಿ ವಾಸಮಾಡಿದ ಕರ್ನಲ್ ವೆಲ್ಲೆಸ್ಲಿಯು ಚಿತ್ರವನ್ನು ಸರಿಪಡಿಸಿದನು. ಅದು ಪುನಃ ಮಾಸಿರಲು, 1848ರಿಂದ 1856ರವರೆಗೆ ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿಯು, ಮೂಲವನ್ನು ಬಲ್ಲ ದೇಶೀಯ ಚಿತ್ರಗಾರನಿಂದ ಅದನ್ನು ಮತ್ತೆ ಬರೆಯಿಸಿದನು. ಆದಕಾರಣ ನಾವಿಂದು ನೋಡುವುದು ಮೊದಲಿನ ಬಣ್ಣವನ್ನಲ್ಲ, ಜೋಪಾನವಾಗಿ ಉಳಿಸಿಕೊಂಡ ನೆನಪನ್ನು.

ಈಗ ಮಹಲು ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿ ವಸ್ತುಸಂಗ್ರಹಾಲಯವಾಗಿದೆ. ಬಣ್ಣ ಮಾಸದಂತೆ ಪಡಸಾಲೆಗೆ ತೆರೆಗಳನ್ನು ಇಳಿಬಿಟ್ಟಿರುವರು. ಹೊರಗಿನ ಬೆಳಕಿನಿಂದ ಒಳಬಂದವರಿಗೆ ಮೊದಲು ಏನೂ ಕಾಣದು. ಒಂದೆರಡು ನಿಮಿಷ ನಿಂತರೆ ಆನೆ ಕುದುರೆಗಳು ಒಂದೊಂದಾಗಿ ಕಣ್ಣಿಗೆ ಬೀಳುವುವು. ತಂದೆತಾಯಿಗಳು ಮಕ್ಕಳನ್ನು ಕರೆದೊಯ್ದಾಗ ಅವಸರಪಡಿಸದೆ ಅಷ್ಟು ಹೊತ್ತು ನಿಲ್ಲಿಸಬೇಕೆಂದು ನಾವು ವಿನಂತಿಸುವೆವು. ಗೆಲವಿನ ಚಿತ್ರವನ್ನು ಯಾರಾದರೂ ಕಾಪಾಡಿಯಾರು. ತಮ್ಮ ಸೋಲಿನ ಚಿತ್ರವನ್ನು ಕಾಪಾಡಿದವರ ಕಥೆಯನ್ನೂ ಅಲ್ಲಿಯೇ ಹೇಳಬಹುದು.