ಉಪಗ್ರಹದ ಕಣ್ಣು, ಹಿರಿಯರ ನೆನಪು

2019ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿತ್ತು. ಸಾವಿರಾರು ಎಕರೆ ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಹೊತ್ತು ತಂದು ಸುರಿಯಬೇಕಾಯಿತು. ಇಂಥ ಬೆಂಕಿಯನ್ನು ಹಬ್ಬುವ ಮೊದಲೇ ಕಂಡುಹಿಡಿಯಲು ಆಗದೇ?

ಅದಕ್ಕೊಂದು ಏರ್ಪಾಡು ಇದೆ. ಉಪಗ್ರಹಗಳು ಆಕಾಶದಿಂದಲೇ ನೆಲದ ಶಾಖವನ್ನು ಅಳೆಯುತ್ತವೆ. ಸುತ್ತಲಿಗಿಂತ ತೀರ ಬಿಸಿಯಾದ ಜಾಗ ಕಂಡರೆ ಅದರ ಅಕ್ಷಾಂಶ, ರೇಖಾಂಶ ಗುರುತಾಗುತ್ತದೆ. ಡೆಹ್ರಾಡೂನಿನಲ್ಲಿರುವ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಅದನ್ನು ನಕ್ಷೆಯಲ್ಲಿ ಗುರುತಿಸಿ, ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಸಂದೇಶ ಕಳಿಸುತ್ತದೆ.

ಆದರೆ ಉಪಗ್ರಹಕ್ಕೂ ಮಿತಿಯಿದೆ. ಈ ಕೆಲಸಕ್ಕೆ ಬಳಸುವ 'ವಿಯರ್ಸ್' ಎಂಬ ಉಪಕರಣದ ಚಿತ್ರದಲ್ಲಿ ಒಂದು ಚುಕ್ಕಿ ಎಂದರೆ 375 ಮೀಟರ್ ಉದ್ದ, ಅಷ್ಟೇ ಅಗಲದ ನೆಲ. ಸುಮಾರು 35 ಎಕರೆ! ಅದರೊಳಗೆ ಬೆಂಕಿ ಯಾವ ಮೂಲೆಯಲ್ಲಿದೆಯೋ ತಿಳಿಯದು. ಮೋಡ ಮುಚ್ಚಿದರೆ ಕಾಣುವುದೇ ಇಲ್ಲ. ಅಲ್ಲಿಗೆ ಹೋಗುವ ಕಾಲುದಾರಿ ಯಾವುದು, ಬೇಸಿಗೆಯಲ್ಲೂ ಬತ್ತದ ಹಳ್ಳ ಎಲ್ಲಿದೆ, ಸಂಜೆ ಗಾಳಿ ಯಾವ ಕಡೆಗೆ ತಿರುಗುತ್ತದೆ ಎಂಬುದನ್ನು ಅಲ್ಲೇ ಹುಟ್ಟಿ ಬೆಳೆದವರೇ ಹೇಳಬೇಕು.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅಂಥವರು. ಹಿಂದೆ ಅವರು ಬೇಸಿಗೆ ಬಲಿಯುವ ಮುನ್ನವೇ ಒಣ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದನ್ನು 'ತರಗು ಬೆಂಕಿ' ಎನ್ನುತ್ತಾರೆ. ನೆಲದ ಕಸ ಸುಡುತ್ತಿತ್ತು, ಮರ ಉಳಿಯುತ್ತಿತ್ತು. 1974ರಲ್ಲಿ ಬೆಟ್ಟ ವನ್ಯಧಾಮವಾದ ಮೇಲೆ ಈ ರೂಢಿ ನಿಂತಿತು. ಆಮೇಲೆ ಲಂಟಾನ ಪೊದೆ ಎಲ್ಲೆಡೆ ಹಬ್ಬಿತು, ಈಗ ಬೆಂಕಿ ಬಿದ್ದರೆ ಪೊದೆ ಹಿಡಿದು ಮರಕ್ಕೇ ಏರುತ್ತದೆ ಎನ್ನುತ್ತಾರೆ ಹಿರಿಯ ಸೋಲಿಗರು.

ಇದೇ ಸೋಲಿಗರು ಸಂಶೋಧಕರ ಜೊತೆ ಕಾಡು ಸುತ್ತಿ, ಜಿಪಿಎಸ್ ಉಪಕರಣದ ನೆರವಿನಿಂದ ತಮ್ಮ ದೇವರ ತಾಣಗಳನ್ನು ನಕ್ಷೆಗೆ ಇಳಿಸಿದ್ದಾರೆ. ಬಾಯಿಮಾತಿನಲ್ಲಿದ್ದ ಕಾಡು ಕಾಗದಕ್ಕೆ ಬಂದಿದೆ. ಹೀಗೆಯೇ ನೀರಿನ ಗುಂಡಿ, ಕಾಲುದಾರಿ, ಲಂಟಾನ ದಟ್ಟವಾಗಿರುವ ಜಾಗ, ಅರಣ್ಯ ಇಲಾಖೆ ಕಡಿದಿಟ್ಟ ಬೆಂಕಿ ರೇಖೆ ಎಲ್ಲವನ್ನೂ ಮೊದಲೇ ಗುರುತಿಸಿಟ್ಟರೆ, ಸಂದೇಶ ಬಂದ ಕೂಡಲೇ ಹೊರಡಬಹುದು. ದಾರಿ ಹುಡುಕುತ್ತ ನಿಲ್ಲಬೇಕಿಲ್ಲ.

ಮಕ್ಕಳೇ, ನಿಮ್ಮದು ಕಾಡಂಚಿನ ಊರೇ? ಈ ರಜೆಯಲ್ಲಿ ಅಜ್ಜ, ಅಜ್ಜಿಯನ್ನು ಕೂರಿಸಿಕೊಂಡು ದೊಡ್ಡ ಹಾಳೆಯ ಮೇಲೆ ಊರಿನ ನಕ್ಷೆ ಬರೆಯಿರಿ. ಕೆರೆ, ಬಾವಿ, ಹುಲ್ಲಿನ ಬಣವೆ, ಒಬ್ಬರೇ ಇರುವ ವಯಸ್ಸಾದವರ ಮನೆ, ಹಿಂದೆ ಬೆಂಕಿ ಬಂದ ದಿಕ್ಕು ಎಲ್ಲವನ್ನೂ ಕೇಳಿ ಗುರುತು ಮಾಡಿ. ಒಂದು ಪ್ರತಿ ಪಂಚಾಯಿತಿಗೆ, ಒಂದು ಅರಣ್ಯ ಕಚೇರಿಗೆ ಕೊಡಿ. ಬೆಂಕಿ ಕಂಡರೆ ನೀವು ಹತ್ತಿರ ಹೋಗಬೇಡಿ. ದೊಡ್ಡವರಿಗೆ ಹೇಳಿ, 112ಕ್ಕೆ ಕರೆ ಮಾಡಿಸಿ.

ಹಿರಿಯರೇ, ನಿಮ್ಮ ತಲೆಯಲ್ಲಿರುವ ನಕ್ಷೆಗೆ ಬೇರೆ ಪ್ರತಿಯಿಲ್ಲ. ಅದನ್ನು ಮೊಮ್ಮಕ್ಕಳಿಗೆ ಈಗಲೇ ಬರೆಸಿಬಿಡಿ.