ಕಾಲು ಗಿಡ್ಡವಲ್ಲ, ಸೈಕಲ್ಲೇ ಎತ್ತರ!

ಐದಡಿಯ ಮನುಷ್ಯ ದೊಡ್ಡ ಸೈಕಲ್ ಹತ್ತುವ ಸಾಹಸವನ್ನು ನೋಡಿದ್ದೀರಾ? ಕಲ್ಲೋ ಕಟ್ಟೆಯೋ ಸಿಗುವ ತನಕ ತಳ್ಳಿಕೊಂಡೇ ಹೋಗಬೇಕು. ಹತ್ತಿ ಕೂತರೆ ಸೊಂಟ ಆ ಕಡೆ ಈ ಕಡೆ ಕುಣಿಯುತ್ತದೆ. ಮುಂದಿನ ಬಸ್ಸು ಗಕ್ಕನೆ ನಿಂತಿತೋ, ಕಾಲು ನೆಲಕ್ಕೆ ಎಟುಕದೆ ಸವಾರ ಬಾರಿನ ಮೇಲೆ! ನೋಡಿದವರಿಗೆ ನಗು. ನೋವು ಬಿದ್ದವನಿಗೇ ಗೊತ್ತು.

'ನೀನು ಕುಳ್ಳ ಕಣಪ್ಪ, ಏನ್ ಮಾಡೋದು' ಅಂತಾರೆ ಜನ. ಅಲ್ಲ ಸ್ವಾಮಿ, ಲೆಕ್ಕ ನೋಡಿ. ಹಳೇ ಮಾದರಿಯ ಕಪ್ಪು ಸೈಕಲ್ಲಿನ ಗಾಲಿ 28 ಅಂಗುಲ, ಫ್ರೇಮು 22 ಇಲ್ಲವೆ 24. ಬಾರು ನೆಲದಿಂದ 30 ಅಂಗುಲಕ್ಕೂ ಮೇಲೆ. ಐದಡಿಯವರ ಒಳಗಾಲಿನ ಉದ್ದ ಸುಮಾರು 27-28 ಅಂಗುಲ. ಹೊಂದುವುದು ಹೇಗೆ? ಹುಡುಗರು ಬಾರಿನ ಕೆಳಗೆ ಕಾಲು ತೂರಿಸಿ ತುಳಿದರೆ ಅದು ಆಟ. ದಿನಾ ಕ್ಯಾನು ಕಟ್ಟಿಕೊಂಡು ಊರು ಸುತ್ತುವ ಹಾಲಿನವನಿಗೆ ಆಟವೇ?

ಸೀಟು ಇಳಿಸಿದರಾಯ್ತಲ್ಲ? ಅರ್ಧ ಮದ್ದು ಅಷ್ಟೆ. ಸೀಟು ಇಳಿದರೂ ಬಾರು ಇಳಿಯದು, ಹ್ಯಾಂಡಲ್ ಹತ್ತಿರ ಬಾರದು. ತೀರಾ ಇಳಿಸಿದರೆ ಮಂಡಿ ಮಡಚಿಕೊಂಡೇ ತುಳಿಯಬೇಕು. ಚಿಪ್ಪಿನ ಮುಂದೆ ನೋವು ಶುರು. ತೀರಾ ಏರಿಸಿದರೆ ಸೊಂಟಕ್ಕೆ ಸಂಚಕಾರ.

ಮಕ್ಕಳ ಪಾಡು ಇನ್ನೂ ಕಷ್ಟ. 'ಬೆಳೆಯೋ ಹುಡುಗ, ಮೂರು ವರ್ಷ ಬರಲಿ' ಅಂತ ದೊಡ್ಡದನ್ನೇ ಕೊಡಿಸುತ್ತಾರೆ. ಅಂಗಿ ದೊಡ್ಡದಾದರೆ ತೋಳು ಮಡಚಬಹುದು, ಸೈಕಲ್ ಮಡಚಲಾದೀತೆ? 2006-07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ ಶುರುಮಾಡಿದ್ದು ಒಳ್ಳೆಯ ಕೆಲಸವೇ. ಆದರೆ ತರಗತಿ ಒಂದಾದ ಮಾತ್ರಕ್ಕೆ ಎಲ್ಲರ ಕಾಲೂ ಒಂದೇ ಉದ್ದವಿರುತ್ತದೆಯೆ?

ಉಪಾಯ ಸುಲಭ, ಕಾಸಿನ ಖರ್ಚಿಲ್ಲ. ಕೊಳ್ಳುವ ಮುನ್ನ ಬಾರಿನ ಎರಡೂ ಕಡೆ ಕಾಲಿಟ್ಟು ನಿಲ್ಲಿ. ಎರಡೂ ಪಾದ ನೆಲದ ಮೇಲಿದ್ದು, ಬಾರಿಗೂ ಮೈಗೂ ಒಂದಂಗುಲವಾದರೂ ಸಂದು ಇರಬೇಕು. ಆಮೇಲೆ ಯಾರಾದರೂ ಸೈಕಲ್ ಹಿಡಿದಿರಲಿ. ಸೀಟಿನಲ್ಲಿ ಕೂತು ಕೆಳಗಿನ ಪೆಡಲ್ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾದರೆ ಸೀಟು ಸರಿ. ಮುಂಗಾಲಿನಿಂದ ತುಳಿಯುವಾಗ ಮಂಡಿ ತುಸು ಬಾಗಿರುತ್ತದೆ, ಅದೇ ಹದ. ಹ್ಯಾಂಡಲ್ ಹಿಡಿದಾಗ ಮೊಣಕೈ ಬಿಗಿಯಬಾರದು, ಬೆರಳು ಬ್ರೇಕಿಗೆ ಸಲೀಸಾಗಿ ಎಟುಕಬೇಕು.

ಇಷ್ಟು ಹೊಂದದಿದ್ದರೆ 26 ಇಲ್ಲವೆ 24 ಅಂಗುಲದ ಗಾಲಿಯದು, ಫ್ರೇಮೂ ಚಿಕ್ಕದಿರುವುದನ್ನು ಕೇಳಿ. ಬಾರು ಬಗ್ಗಿದ ಲೇಡೀಸ್ ಸೈಕಲ್ಲೂ ಆದೀತು. 'ಗಂಡಸಾಗಿ ಅದನ್ನ ತುಳಿಯೋದೇ?' ಅನ್ನುವ ಮೀಸೆಯ ಮಾತು ಬೇಡ. ಬಿದ್ದಾಗ ಮೀಸೆಗೂ ಮಣ್ಣಾಗುತ್ತದೆ.

ಚಪ್ಪಲಿ ಅಂಗಡಿಯವನು ನಾಲ್ಕು ಜೊತೆ ಹಾಕಿಸಿ ನೋಡದೆ ಕಳಿಸುವುದಿಲ್ಲ. ಸೈಕಲ್ ಅಂಗಡಿಯವರೂ ಬಿಲ್ ಬರೆಯುವ ಮುಂಚೆ ಗಿರಾಕಿಯ ಕಾಲು ಅಳೆದರೆ ಟೇಪೇನೂ ಸವೆಯದು!